ಪಂಕ್ಚರ್ ಆಗಿದ್ದು ಯಾವ ಟೈರು? ಸುಳ್ಳಿನ ಅನುಮಾನ ಬಂದಾಗ ವಿಚಾರಿಸುವುದು ಹೇಗೆ

ಕಾಫಿ ಕುಯ್ಲು ಮುಗಿದು ಮೆಣಸಿನ ಕುಯ್ಲು ಜೋರಾಗುವ ಹೊತ್ತಿಗೆ ಕೊಡಗಿನ ಯಾವುದಾದರೂ ತೋಟದಲ್ಲಿ ಒಂದು ಪಂಚಾಯಿತಿ ಇದ್ದೇ ಇರುತ್ತದೆ. ಕಣದಲ್ಲಿ ಎಣಿಸಿಟ್ಟ ಮೂಟೆ ಲೆಕ್ಕಕ್ಕೆ ಸಿಗುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಮೇಸ್ತ್ರಿಯನ್ನು ಕೇಳುತ್ತಾರೆ, ಮೇಸ್ತ್ರಿ ಪಿಕಪ್ ಡ್ರೈವರ್ ಕಡೆ ಕೈ ತೋರಿಸುತ್ತಾನೆ. ಕೊನೆಗೆ ಸಾಹುಕಾರರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ನನ್ನ ಮುಖ ನೋಡಿಕೊಂಡು ಹೇಳು” ಅನ್ನುತ್ತಾರೆ. ವಿಚಾರಣೆ ಹಳ್ಳ ಹಿಡಿಯುವುದು ಇಲ್ಲೇ.

ಪೊಲೀಸರು, ವಕೀಲರು, ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಇವರನ್ನೆಲ್ಲ ಇಟ್ಟುಕೊಂಡು ಮನಶ್ಶಾಸ್ತ್ರಜ್ಞರು ದಶಕಗಳಿಂದ ಈ ವಿಷಯ ಪರೀಕ್ಷಿಸಿದ್ದಾರೆ. ಅಲ್ಲಿ ಸಿಕ್ಕ ಪಾಠಗಳನ್ನು ತೋಟದ ಕಣದಲ್ಲೂ ಬಳಸಬಹುದು.

ಮೊದಲು, ಮುಖ ಓದುವುದನ್ನು ಬಿಡಿ

ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆ ಅನ್ನುವುದು ನಮ್ಮೂರಿನ ನಂಬಿಕೆ ಮಾತ್ರ ಅಲ್ಲ. ಹತ್ತಾರು ದೇಶಗಳ ಜನರನ್ನು ಕೇಳಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಜಾಸ್ತಿ ಜನ ಕೊಟ್ಟ ಉತ್ತರ ಇದೇ. ಅದೇ ವರ್ಷ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಸಂಶೋಧಕರು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಸುಮಾರು 24,000 ಮಂದಿ, ಮುಖ ನೋಡಿ ಮಾತು ಕೇಳಿ ಕೊಟ್ಟ ತೀರ್ಪುಗಳು ಅವು. ಸರಿಯಾಗಿದ್ದು ನೂರಕ್ಕೆ 54. ಕಣ್ಣು ಮುಚ್ಚಿಕೊಂಡು ನಾಣ್ಯ ಚಿಮ್ಮಿದ್ದರೂ 50 ಬರುತ್ತಿತ್ತು! ಸುಳ್ಳು ಹಿಡಿಯುವುದೇ ಕೆಲಸವಾದವರೂ ಇದರಲ್ಲಿ ಜನಸಾಮಾನ್ಯರಿಗಿಂತ ಮೇಲೇನಿರಲಿಲ್ಲ. ಅದಕ್ಕೂ ಮುಂಚೆ, 2003ರಲ್ಲಿ, ಡಿಪಾಲೊ ಮತ್ತು ಜೊತೆಗಾರರು 158 ಬಗೆಯ ಲಕ್ಷಣಗಳನ್ನು ಪರಿಶೀಲಿಸಿದ್ದರು. ಬಹುಪಾಲಿಗೆ ಸುಳ್ಳಿನ ಜೊತೆ ನಂಟೇ ಇಲ್ಲ, ಇದ್ದರೂ ತೀರಾ ತೆಳು.

ಇದನ್ನು ನಂಬದೆ ದುಡ್ಡು ಸುರಿದವರೂ ಇದ್ದಾರೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅನುಮಾನಿತರನ್ನು ಆರಿಸುವ ಯೋಜನೆ ಇತ್ತು. ಸುಮಾರು 90 ಕೋಟಿ ಡಾಲರ್ ಖರ್ಚಾದ ಮೇಲೆ, 2013ರಲ್ಲಿ, ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ ಇದು ಕೆಲಸ ಮಾಡುತ್ತದೆ ಅನ್ನಲು ಪುರಾವೆ ಇಲ್ಲ ಎಂದು ವರದಿ ಕೊಟ್ಟರು.

ಕೊಡಗಿನಲ್ಲಿ ಮುಖ ಓದುವುದು ಇನ್ನೂ ಅಪಾಯ. ಕೆಲಸಗಾರರ ಸಾಲು ಮನೆಯಲ್ಲಿ (ಲೈನ್ ಮನೆ) ಇರುವ ಎರವ ಬುಡಕಟ್ಟಿನ ಹುಡುಗ ಸಾಹುಕಾರರ ಎದುರು ತಲೆ ತಗ್ಗಿಸಿ ನಿಲ್ಲುವುದು ಕದ್ದಿದ್ದಕ್ಕಲ್ಲ, ಮೊದಲಿನಿಂದ ಹಾಗೇ ನಿಂತು ರೂಢಿ. ಅಸ್ಸಾಂನಿಂದ ಬಂದ ಕೆಲಸಗಾರ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ತಡವರಿಸುತ್ತಾನೆ. ಪದ ಹುಡುಕುತ್ತಿರುವವನು ನಮ್ಮ ಕಣ್ಣಿಗೆ ಸುಳ್ಳುಗಾರನ ಹಾಗೆ ಕಾಣುತ್ತಾನೆ. ಕೆಲಸ ಹೋಗುತ್ತದೆ ಅನ್ನುವ ಭಯ ಕಳ್ಳನಿಗೂ ಒಂದೇ, ಕಳ್ಳ ಅಲ್ಲದವನಿಗೂ ಒಂದೇ. ಹಿಂದಿನ ಕಾಲದಲ್ಲಿ ನಿಜ-ಸುಳ್ಳು ತೀರ್ಮಾನಿಸಲು ಮಾಡಿಸುತ್ತಿದ್ದ ದಿವ್ಯಗಳಲ್ಲಿ ಅಕ್ಕಿ ಅಗಿಸಿ ಉಗುಳಿಸುವುದೂ ಒಂದಿತ್ತು. ಭಯಕ್ಕೆ ಬಾಯಿ ಒಣಗಿದರೆ ಅಕ್ಕಿಯೂ ಒಣ. ಪಾಪದವನ ಬಾಯೂ ಒಣಗುತ್ತದೆ ಅಲ್ವಾ?

ಕೇಳುವ ಮೊದಲು ನಿಮ್ಮ ಕೈಯಲ್ಲಿ ಏನಿದೆ ನೋಡಿ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸಿದ್ದಾಪುರದ ಹತ್ತಿರದ ತೋಟದಿಂದ ಒಣ ಮೆಣಸು ಹೇರಿದ ಪಿಕಪ್ ವಿರಾಜಪೇಟೆಯ ವ್ಯಾಪಾರಿಯ ಹತ್ತಿರ ಹೋಗಿದೆ. ಹೋಗಬೇಕಾಗಿದ್ದು ಅಮ್ಮತ್ತಿ ದಾರಿಯಾಗಿ. ಅಲ್ಲಿ ಇಳಿದಾಗ ಒಂದು ಮೂಟೆ ಕಮ್ಮಿ. ಒಂದು ಗಂಟೆ ತಡವೂ ಆಗಿದೆ.

ಡ್ರೈವರನ್ನು ಕರೆಯುವ ಮೊದಲು ಕಾಗದ ತೆಗೆದುಕೊಂಡು ಬರೆಯಿರಿ. ಹೊರಟ ಸಮಯ, ತಲುಪಿದ ಸಮಯ, ತೂಕದ ಚೀಟಿ, ಜೊತೆಗೆ ಹೋದ ಲೋಡರ್ ಯಾರು. ಸಿದ್ದಾಪುರದ ಅಂಗಡಿಯೊಂದರ ಸಿಸಿಟಿವಿಯಲ್ಲಿ ನಿಮ್ಮ ಪಿಕಪ್ ಅಮ್ಮತ್ತಿ ರಸ್ತೆ ಹಿಡಿಯದೆ ಪಾಲಿಬೆಟ್ಟದ ಕಡೆ ತಿರುಗಿದ್ದು ಕಾಣುತ್ತಿದೆ ಅಂತ ಇಟ್ಟುಕೊಳ್ಳಿ. ಇದನ್ನು ಸದ್ಯಕ್ಕೆ ಯಾರಿಗೂ ಹೇಳಬೇಡಿ, ರೈಟರ್‌ಗೂ ಬೇಡ. ತೋಟದಲ್ಲಿ ಸುದ್ದಿ ಎಷ್ಟು ಬೇಗ ಲೈನ್ ಮನೆ ತಲುಪುತ್ತದೆ ಅಂತ ನಿಮಗೇ ಗೊತ್ತು.

ಪೂರ್ತಿ ಹೇಳಲು ಬಿಡಿ

ಡ್ರೈವರನ್ನೂ ಲೋಡರನ್ನೂ ಬೇರೆ ಬೇರೆಯಾಗಿ ಕೂರಿಸಿ. ಕೂರಿಸಿ ಅಂದೆ, ನಿಲ್ಲಿಸಿ ಅನ್ನಲಿಲ್ಲ. ಒಂದು ಲೋಟ ಕಾಫಿ ಕೊಟ್ಟರೂ ನಷ್ಟ ಇಲ್ಲ. ಮೊದಲ ಪ್ರಶ್ನೆ ಒಂದೇ:

“ಇಲ್ಲಿಂದ ಹೊರಟಿದ್ದರಿಂದ ಹಿಡಿದು ವಿರಾಜಪೇಟೇಲಿ ಇಳಿಸೋ ತನಕ ಏನೇನಾಯ್ತು, ಎಲ್ಲಾ ಹೇಳಪ್ಪಾ. ಅವಸರ ಇಲ್ಲ.”

ಆಮೇಲೆ ಸುಮ್ನೆ ಇರಿ. ಇದೇ ಕಷ್ಟದ ಕೆಲಸ. ನಡುವೆ ಬಾಯಿ ಹಾಕಿ “ಸುಳ್ಳು ಬೊಗಳಬೇಡ” ಅಂದರೆ ಎದುರಿನವನು ಬಾಯಿ ಮುಚ್ಚುತ್ತಾನೆ, ಮಾತಿಲ್ಲದೆ ನಿಮಗೆ ಏನೂ ಸಿಗುವುದಿಲ್ಲ. ಬ್ರಿಟನ್ನಿನ ಪೊಲೀಸರು ತಪ್ಪೊಪ್ಪಿಸುವ ವಿಚಾರಣೆಯ ಚಾಳಿ ಬಿಟ್ಟು, ಮಾಹಿತಿ ಹೊರತೆಗೆಯುವ ಪದ್ಧತಿಗೆ ಬಂದಿದ್ದು 1990ರ ದಶಕದ ಶುರುವಿನಲ್ಲಿ. ಅದರ ತಿರುಳೂ ಇದೇ: ಅವರು ಹೇಳಲಿ, ನೀವು ಕೇಳಿ, ಆಮೇಲೆ ತಾಳೆ ನೋಡಿ.

“ಅಮ್ಮತ್ತೀಲಿ ಪಂಕ್ಚರ್ ಆಯ್ತು ಸಾರ್. ಅದಕ್ಕೇ ಲೇಟು. ಮೂಟೆ ಎಷ್ಟಿತ್ತೋ ಅಷ್ಟೇ ಇಳಿಸಿದ್ದು.”

ಆಯಿತು. ಬರೆದುಕೊಳ್ಳಿ, ತಲೆಯಾಡಿಸಿ.

ತಯಾರಿ ಮಾಡಿಕೊಳ್ಳದ ಜಾಗದಲ್ಲಿ ಕೇಳಿ

ಸುಳ್ಳು ಕಟ್ಟುವವರು “ಯಾಕೆ ಲೇಟಾಯ್ತು” ಅನ್ನುವುದಕ್ಕೆ ಉತ್ತರ ಇಟ್ಟುಕೊಂಡೇ ಬರುತ್ತಾರೆ. ಪಂಕ್ಚರ್ ಅಂತ ಮಾತಾಡಿಕೊಂಡಿರುತ್ತಾರೆ, ಯಾವ ಟೈರು ಅಂತ ಮಾತಾಡಿಕೊಂಡಿರುವುದಿಲ್ಲ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಆಲ್ಡರ್ಟ್ ವ್ರೈ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಕೆಲವು ಜೋಡಿಗಳು ನಿಜವಾಗಿ ಹೋಟೆಲಿನಲ್ಲಿ ಒಟ್ಟಿಗೆ ಊಟ ಮಾಡಿ ಬಂದವು. ಕೆಲವು ಜೋಡಿಗಳು ಊಟ ಮಾಡಿದೆವು ಅಂತ ಕಥೆ ಕಟ್ಟಿಕೊಂಡವು. ಏನು ಮಾಡಿದಿರಿ ಅಂದಾಗ ಎರಡೂ ಗುಂಪು ಚೆನ್ನಾಗಿಯೇ ಹೇಳಿತು. ಒಬ್ಬೊಬ್ಬರನ್ನೇ ಕೂರಿಸಿ, ಯಾರು ಎಲ್ಲಿ ಕೂತಿದ್ದಿರಿ, ಚಿತ್ರ ಬರೆದು ತೋರಿಸಿ ಅಂದಾಗ ಕಥೆ ಕಟ್ಟಿದವರ ಚಿತ್ರಗಳು ಒಂದಕ್ಕೊಂದು ಹೊಂದಲಿಲ್ಲ.

ನಮ್ಮ ಪಿಕಪ್ಪಿಗೂ ಹೀಗೇ ಕೇಳಬಹುದು. ಯಾವ ಟೈರು? ಸ್ಟೆಪ್ನಿ ಹಾಕಿದ್ರಾ, ಅಲ್ಲೇ ಪ್ಯಾಚ್ ಹಾಕಿಸಿದ್ರಾ? ಜಾಕಿ ಕೊಡುವಾಗ ಮೂಟೆ ಕೆಳಗಿಳಿಸಿದ್ರಾ? ಗಾಡಿ ನಿಲ್ಲಿಸಿದ್ದು ರಸ್ತೆಯ ಯಾವ ಪಕ್ಕ? ಈ ಹಾಳೆಯಲ್ಲಿ ಒಂದು ಗೆರೆ ಎಳೆದು ತೋರಿಸು. ದುಡ್ಡು ಕೊಟ್ಟಿದ್ದು ಯಾರು, ಕ್ಯಾಶಾ ಫೋನ್‌ಪೇನಾ?

ಈ ಕೊನೆಯ ಪ್ರಶ್ನೆ ನನಗೆ ಬಲು ಇಷ್ಟ. ಸುಳ್ಳು ಹೇಳುವವರು ವಿವರ ಕೊಡುತ್ತಾರೆ, ಆದರೆ ಆಮೇಲೆ ಹೋಗಿ ಪರೀಕ್ಷಿಸಬಹುದಾದ ವಿವರ ಕೊಡಲು ಹಿಂದೆಮುಂದೆ ನೋಡುತ್ತಾರೆ ಅಂತ ಸಂಶೋಧನೆಗಳು ಹೇಳುತ್ತವೆ. ನಿಜವಾಗಿ ಪಂಕ್ಚರ್ ಹಾಕಿಸಿದವನು ಬಹುತೇಕ ತಾನೇ ಮೊಬೈಲ್ ತೆಗೆದು ತೋರಿಸುತ್ತಾನೆ.

ವಿಮಾನ ನಿಲ್ದಾಣಗಳಲ್ಲೂ ಹೀಗೇ ಆಗಿದೆ. ಥಾಮಸ್ ಆರ್ಮರಾಡ್ ಮತ್ತು ಕೋರಲ್ ಡ್ಯಾಂಡೊ ನಕಲಿ ಪ್ರಯಾಣಿಕರನ್ನು ಸಾಲಿನಲ್ಲಿ ಬಿಟ್ಟು ಪರೀಕ್ಷಿಸಿದರು. ಹಾವಭಾವ ನೋಡಿದ ಸಿಬ್ಬಂದಿಗೆ ಸಿಕ್ಕವರು ನೂರಕ್ಕೆ 5 ಕೂಡ ಇಲ್ಲ. ಸ್ನೇಹದಿಂದ ಮಾತಿಗೆಳೆದು, ಅನಿರೀಕ್ಷಿತ ಆದರೆ ಸುಲಭದ ಪ್ರಶ್ನೆ ಕೇಳಿದವರಿಗೆ ಸಿಕ್ಕವರು ನೂರಕ್ಕೆ 66. ಕೇರಳ ಗಡಿಯ ಕುಟ್ಟ, ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ರಾತ್ರಿ ಪಾಳಿ ಮಾಡುವವರಿಗೂ ಇದು ಉಪಯೋಗಕ್ಕೆ ಬರಬಹುದು.

ನಡೆದದ್ದನ್ನು ಕೊನೆಯಿಂದ ಶುರುವಿನ ಕಡೆಗೆ, ಉಲ್ಟಾ ಹೇಳಿಸುವ ಉಪಾಯವೂ ಪುಸ್ತಕಗಳಲ್ಲಿದೆ. ಸುಳ್ಳುಗಾರನ ತಲೆಗೆ ಭಾರ ಜಾಸ್ತಿಯಾಗುತ್ತದೆ ಅನ್ನುವ ಲೆಕ್ಕ. ತೋಟದಲ್ಲಿ ಇದು ಬೇಡ. ವಯಸ್ಸಾದವರು, ಭಾಷೆ ಬಾರದವರು ನಿಜ ಹೇಳುವಾಗಲೂ ಇದರಲ್ಲಿ ಮುಗ್ಗರಿಸುತ್ತಾರೆ.

ಒಂದು ಎಚ್ಚರಿಕೆ: ಸಣ್ಣಪುಟ್ಟ ವ್ಯತ್ಯಾಸಕ್ಕೆ ಕುಣಿಯಬೇಡಿ. ನಿಜ ಹೇಳುವ ಇಬ್ಬರಲ್ಲೂ ಸಮಯ, ದುಡ್ಡಿನ ಲೆಕ್ಕ ಹೆಚ್ಚುಕಮ್ಮಿ ಆಗುತ್ತದೆ. ಎಡಗಡೆ ಹಿಂದಿನ ಟೈರು ಅಂತ ಒಬ್ಬ, ಬಲಗಡೆ ಮುಂದಿನದು ಅಂತ ಇನ್ನೊಬ್ಬ ಹೇಳಿದರೆ ಮಾತ್ರ ಅದು ಯೋಚಿಸುವ ವಿಷಯ.

ಸಾಕ್ಷಿ ಕೊನೆಗೆ

ಕೈಯಲ್ಲಿರುವ ಸಾಕ್ಷಿಯನ್ನು ಮೊದಲೇ ಮೇಜಿನ ಮೇಲೆ ಎಸೆಯುವುದು ನಮ್ಮ ಅಭ್ಯಾಸ. “ಪಾಲಿಬೆಟ್ಟಕ್ಕೆ ಯಾಕೆ ಹೋಗಿದ್ದೆ, ಹೇಳು!” ಅಂದರೆ ಅಲ್ಲೇ ಒಂದು ಕಾರಣ ಹುಟ್ಟಿಕೊಳ್ಳುತ್ತದೆ. ಅದರ ಬದಲು ದೂರದಿಂದ ಬನ್ನಿ. ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸಿದ್ರಿ? ಬೇರೆ ಯಾವ ರಸ್ತೆಗಾದರೂ ಹೋಗಬೇಕಾಗಿ ಬಂತಾ? ಆ ದಿನ ಪಾಲಿಬೆಟ್ಟದ ಕಡೆ ಏನಾದರೂ ಕೆಲಸ ಇತ್ತಾ?

ಇಷ್ಟರಲ್ಲಿ “ಹೌದು ಸಾರ್, ಲೋಡರ್ ಹೆಂಡತೀನ ಆಸ್ಪತ್ರೆಗೆ ಬಿಟ್ಟು ಬಂದ್ವಿ, ನೀವು ಬೈತೀರ ಅಂತ ಹೇಳ್ಲಿಲ್ಲ” ಅಂತ ಹೊರಬಂದರೆ ಪಂಕ್ಚರ್ ಕಥೆ ಸುಳ್ಳಾದರೂ ಕಳ್ಳತನ ಅಲ್ಲದಿರಬಹುದು. ಮೂರೂ ಪ್ರಶ್ನೆಗೆ ಇಲ್ಲ, ಇಲ್ಲ, ಇಲ್ಲ ಅಂದ ಮೇಲೆ ಸಿಸಿಟಿವಿ ತೋರಿಸಿ. ಸ್ವೀಡನ್ನಿನಲ್ಲಿ ತರಬೇತಿಯಲ್ಲಿದ್ದ ಪೊಲೀಸರ ಮೇಲೆ ಮಾರಿಯಾ ಹಾರ್ಟ್‌ವಿಗ್, ಪೇರ್ ಆಂಡರ್ಸ್ ಗ್ರಾನ್‌ಹಾಗ್ ಮತ್ತು ತಂಡ ಮಾಡಿದ ಪ್ರಯೋಗ 2006ರಲ್ಲಿ ಪ್ರಕಟವಾಗಿದೆ. ಈ ಕ್ರಮ ಕಲಿತವರ ತೀರ್ಪು ನೂರಕ್ಕೆ 85 ಸರಿ, ಕಲಿಯದವರದ್ದು 56.

ಮಷಿನ್, ಆಣೆ, ಏಟು

ಲೈ ಡಿಟೆಕ್ಟರ್ (ಪಾಲಿಗ್ರಾಫ್) ಅಳೆಯುವುದು ರಕ್ತದೊತ್ತಡ, ಉಸಿರಾಟ, ಬೆವರು ಇವನ್ನು. ಅಕ್ಕಿ ಅಗಿಸುವುದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿತು: ಒಪ್ಪಿಗೆ ಇಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ, ಪಾಲಿಗ್ರಾಫ್‌ಗೆ, ಮಿದುಳಿನ ಪರೀಕ್ಷೆಗೆ ಒಳಪಡಿಸುವಂತಿಲ್ಲ. ಪೊಲೀಸರಿಗೇ ಇಲ್ಲದ ಅಧಿಕಾರ ಸಾಹುಕಾರರಿಗೆ ಎಲ್ಲಿಂದ ಬರಬೇಕು?

ಧರ್ಮಸ್ಥಳದ ಆಣೆ ಹಾಕಿಸುವುದು ನಿಮ್ಮ ಇಷ್ಟ. ಆದರೆ ದೇವರಿಗೆ ಹೆದರುವ ಪ್ರಾಮಾಣಿಕನೂ ಆಣೆಗೆ ಹಿಂಜರಿಯುತ್ತಾನೆ.

ಹೊಡೆಯುವುದು, ಗೋಡೌನಿನಲ್ಲಿ ಕೂಡಿ ಹಾಕುವುದು ಅಪರಾಧ. ಕೇಸು ನಿಮ್ಮ ಮೇಲೆ ಬೀಳುತ್ತದೆ. ಏಟಿಗೆ, ಆಯಾಸಕ್ಕೆ ಜನ ಮಾಡದ್ದನ್ನೂ ಒಪ್ಪಿಕೊಳ್ಳುತ್ತಾರೆ. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿ ಅಂತ ಬಿಡುಗಡೆಯಾದವರ ಪ್ರಕರಣಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕಡೆ ಸುಳ್ಳು ತಪ್ಪೊಪ್ಪಿಗೆ ಇತ್ತು. ನಮ್ಮ ಕಾನೂನಿನಲ್ಲೂ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಓದಿ ನೋಡಿ.

ಹಾಗಾಗಿ ಠಾಣೆಗೆ ಹೋಗುವುದೇ ಆದರೆ “ಒಪ್ಪಿಕೊಂಡಿದ್ದಾನೆ” ಅನ್ನುವ ಮಾತು ಹೊತ್ತುಕೊಂಡು ಹೋಗಬೇಡಿ. ತೂಕದ ಚೀಟಿ, ಸಿಸಿಟಿವಿ ದೃಶ್ಯ, ಇಬ್ಬರೂ ಗೆರೆ ಎಳೆದ ಹಾಳೆಗಳು, ಯಾರು ಏನು ಹೇಳಿದರು ಅಂತ ಅದೇ ದಿನ ಬರೆದಿಟ್ಟ ಟಿಪ್ಪಣಿ, ಇವಿಷ್ಟು ಸಾಕು. ಹೊರಡುವ ಮೊದಲು ವಿರಾಜಪೇಟೆಯ ವ್ಯಾಪಾರಿಗೆ ಇನ್ನೊಂದು ಫೋನ್ ಮಾಡಿ, ಆ ದಿನ ಬಂದ ಮೂಟೆಗಳನ್ನೆಲ್ಲ ಮತ್ತೆ ಎಣಿಸಲು ಹೇಳಿ. ನಿಮ್ಮ ಮೂಟೆ ಪಕ್ಕದ ತೋಟದವರ ಲಾಟಿಗೆ ಸೇರಿ ಕೂತಿದ್ದರೂ ಕೂತಿರಬಹುದು.