ಪಿಎಫ್ ಪಾಸ್‌ಬುಕ್ಕಿನಿಂದ ಶುರುವಾದ ನಮ್ಮ ಯೂನಿಯನ್

ಪೌರಕಾರ್ಮಿಕರ ಯೂನಿಯನ್‌ನಲ್ಲಿ ನನ್ನದು ಕಾಗದದ ಕೆಲಸ. ಅರ್ಜಿ ಬರೆಯುವುದು, ಲೆಕ್ಕ ತೆಗೆಯುವುದು, ಲೇಬರ್ ಆಫೀಸಿಗೂ ಪಿಎಫ್ ಆಫೀಸಿಗೂ ಓಡಾಡುವುದು. ಮೈಕ್ ಹಿಡಿಯುವವರು ಬೇರೆ ಇದ್ದಾರೆ. ಯೂನಿಯನ್ ಹೇಗೆ ಕಟ್ಟಿದಿರಿ ಅಂತ ಬೇರೆ ಊರಿನ ಕಾರ್ಮಿಕರು ಕೇಳುತ್ತಿರುತ್ತಾರೆ. ನಮ್ಮಲ್ಲಿ ಅದು ಶುರುವಾದದ್ದು ಪಿಎಫ್‌ನಿಂದ, ಅಂದರೆ ಭವಿಷ್ಯ ನಿಧಿಯಿಂದ.

ಆಗ ಬೀದಿ ಗುಡಿಸುವವರಲ್ಲಿ ಬಹುಪಾಲು ಜನ ಗುತ್ತಿಗೆದಾರರ ಕೈಕೆಳಗಿದ್ದರು. ಹೆಚ್ಚಿನವರು ಹೆಂಗಸರು, ಅದರಲ್ಲೂ ದಲಿತರು. ಸಂಬಳ ಜಾಸ್ತಿ ಕೇಳೋಣ ಬನ್ನಿ ಎಂದರೆ ಹಿಂದೆ ಸರಿಯುತ್ತಿದ್ದರು. ಮೇಸ್ತ್ರಿಗೆ ಗೊತ್ತಾದರೆ ನಾಳೆಯಿಂದ ಹಾಜರಿ ಹಾಕಲ್ಲ ಅನ್ನುವ ಭಯ. ಆ ಭಯ ಸುಳ್ಳಾಗಿರಲಿಲ್ಲ. ಆದರೆ "ಅಕ್ಕ, ನಿಮ್ಮ ಸಂಬಳದಲ್ಲಿ ಹಿಡಿದ ದುಡ್ಡು ಎಲ್ಲಿದೆ ನೋಡೋಣ್ವಾ?" ಎಂದು ಕೇಳಿದರೆ ನಿಲ್ಲುತ್ತಿದ್ದರು. ಅದು ಹೊಸ ಬೇಡಿಕೆ ಅಲ್ಲ, ಅವರದೇ ದುಡ್ಡು.

ಲೆಕ್ಕ ಸರಳ. ಪಿಎಫ್‌ಗೆ ಕಾರ್ಮಿಕರಿಂದ ನೂರಕ್ಕೆ 12, ಕೆಲಸ ಕೊಟ್ಟವರಿಂದ ನೂರಕ್ಕೆ 12. ಹತ್ತು ಸಾವಿರ ಸಂಬಳಕ್ಕೆ ಇವರ ಕಡೆಯಿಂದ 1,200, ಅವರ ಕಡೆಯಿಂದ 1,200. ಅವರ ಪಾಲಿನಲ್ಲಿ 833 ರೂಪಾಯಿ ಪಿಂಚಣಿ ಖಾತೆಗೆ ಹೋಗುತ್ತದೆ. ಮುಂದಿನ ತಿಂಗಳ 15ರೊಳಗೆ ಎಲ್ಲ ಕಟ್ಟಿರಬೇಕು. ಪಾಸ್‌ಬುಕ್ ತೆಗೆಸಿದರೆ ಕೆಲವರಿಗೆ ನಡುನಡುವೆ ತಿಂಗಳುಗಳೇ ಇಲ್ಲ. ಕೆಲವರಿಗೆ ಖಾತೆಯೇ ಇಲ್ಲ. ದುಡ್ಡು ಹಿಡಿದದ್ದು ಮಾತ್ರ ಪ್ರತಿ ತಿಂಗಳೂ.

ಇದಕ್ಕಿಂತ ದೊಡ್ಡ ನಷ್ಟ ಟೆಂಡರ್ ಬದಲಾದಾಗ ಆಗುತ್ತಿತ್ತು. ಅದೇ ರಸ್ತೆ, ಅದೇ ಪೊರಕೆ, ಆದರೆ ಹೊಸ ಗುತ್ತಿಗೆದಾರ, ಹೊಸ ಪಿಎಫ್ ನಂಬರ್. ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಲೆಕ್ಕಕ್ಕೆ ಬರಬೇಕು. ಅಷ್ಟೂ ವರ್ಷ ಗುಡಿಸಿದವರ ಸೇವೆ ಪುಸ್ತಕದಲ್ಲಿ ತುಂಡು ತುಂಡಾಗಿ ಬಿದ್ದಿರುತ್ತಿತ್ತು. 2014ರಲ್ಲಿ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಒಂದೇ ಪಿಎಫ್ ನಂಬರ್, ಬಂದಮೇಲೆ ಹಳೆಯ ನಂಬರ್‌ಗಳನ್ನು ಒಂದಕ್ಕೆ ಸೇರಿಸುವ ದಾರಿ ಸಿಕ್ಕಿತು. ಆದರೆ ಹೆಸರು ಹೊಂದಬೇಕಲ್ಲ! ಆಧಾರ್‌ನಲ್ಲಿ ಲಕ್ಷ್ಮಮ್ಮ, ಹಾಜರಿ ಪುಸ್ತಕದಲ್ಲಿ ಲಕ್ಷ್ಮಿ, ಬ್ಯಾಂಕಿನಲ್ಲಿ ಲಕ್ಷ್ಮೀದೇವಿ. ಹುಟ್ಟಿದ ದಿನ ಅಂತೂ ಮೇಸ್ತ್ರಿ ಬಾಯಿಗೆ ಬಂದದ್ದು. ನಮ್ಮ ಹೆಚ್ಚಿನ ಸಮಯ ಹೋದದ್ದು ಇದನ್ನು ಸರಿಮಾಡಿಸುವುದರಲ್ಲೇ. ಬೇಸರದ ಕೆಲಸ ಅಂತ ಯಾರೂ ಇದಕ್ಕೆ ಕೈ ಹಾಕುವುದಿಲ್ಲ. ನನಗೆ ಕೇಳಿದರೆ ಯೂನಿಯನ್ ಮೊದಲು ಮಾಡಬೇಕಾದ ಕೆಲಸವೇ ಇದು. ಹೆಸರು ಸರಿಯಾದ ಹೆಂಗಸು ತನ್ನ ಪಕ್ಕದವಳನ್ನು ಕರೆದುಕೊಂಡೇ ಬರುತ್ತಿದ್ದಳು.

ತಿಂಡಿಯ ಬಿಡುವಿನಲ್ಲಿ ರಸ್ತೆ ಬದಿ ಕೂತು ಪಟ್ಟಿ ಮಾಡುತ್ತಿದ್ದೆವು. ಹೆಸರು, ಎಲ್ಲಿ ಹಾಜರಿ, ಯಾವಾಗಿನಿಂದ ಕೆಲಸ, ಯಾವ ತಿಂಗಳು ಕಟ್ಟಿಲ್ಲ. ಅರ್ಜಿಯನ್ನು ಒಬ್ಬೊಬ್ಬರೇ ಕೊಡಲಿಲ್ಲ, ಯೂನಿಯನ್ ಲೆಟರ್‌ಹೆಡ್ಡಿನಲ್ಲಿ ಎಲ್ಲರದ್ದೂ ಒಟ್ಟಿಗೆ ಕೊಟ್ಟೆವು. ಒಬ್ಬಳ ಹೆಸರು ಕಂಡರೆ ಅವಳನ್ನು ತೆಗೆದುಬಿಡಬಹುದು. ವಾರ್ಡಿಗೆ ವಾರ್ಡೇ ಸಹಿ ಹಾಕಿದ್ದರೆ ಯಾರನ್ನು ತೆಗೆಯುತ್ತಾರೆ?

ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯಿಂದ ಯಾವ ಉತ್ತರ ಬರುತ್ತದೆ ಅನ್ನುವುದು ಗೊತ್ತೇ ಇತ್ತು: "ಅದು ಗುತ್ತಿಗೆದಾರರನ್ನು ಕೇಳಿ, ನಮಗೆ ಸಂಬಂಧ ಇಲ್ಲ." ಸಂಬಂಧ ಇದೆ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕರೇ, ಅಂದರೆ ಆ ಸಂಸ್ಥೆಯೇ, ಪಿಎಫ್ ಕಟ್ಟಬೇಕು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಸಂಬಳದ ವಿಷಯದಲ್ಲೂ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇದನ್ನೇ ಹೇಳುತ್ತಿತ್ತು. ಹಾಗಾಗಿ ಅರ್ಜಿಯಲ್ಲಿ ಗುತ್ತಿಗೆದಾರನ ಹೆಸರಿನ ಜೊತೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ ಹೆಸರನ್ನೂ ಬರೆದೆವು. ಪಿಎಫ್ ಕಾಯ್ದೆಯ 7ಎ ಕಲಮಿನಡಿ ವಿಚಾರಣೆ ನಡೆಸಿ ಬಾಕಿ ಎಷ್ಟೆಂದು ತೀರ್ಮಾನಿಸಿ ಅಂತ ಕೇಳಿದೆವು. ವಿಚಾರಣೆ ನಿಧಾನ. ಮುಂದೂಡುತ್ತಲೇ ಇದ್ದರು. ಪ್ರತಿ ಸಲವೂ ನಾನೊಬ್ಬಳೇ ಹೋಗದೆ ಕಾರ್ಮಿಕರನ್ನು ಕರೆದುಕೊಂಡು ಹೋದೆ. ಕೊನೆಗೆ ಬಾಕಿ ಕಂತು ಕಂತಾಗಿ ಖಾತೆಗೆ ಬರತೊಡಗಿತು. ಎಲ್ಲರಿಗೂ ಪೂರ್ತಿ ಬರಲಿಲ್ಲ. ಹಾಜರಿಯ ದಾಖಲೆಯೇ ಇಲ್ಲದವರ ವರ್ಷಗಳು ಹೋದವು, ಅದು ಈಗಲೂ ನನಗೆ ಸಂಕಟ.

ಈ ಪಟ್ಟಿಗಳು ಮುಂದೆಯೂ ಕೈ ಹಿಡಿದವು. ಕರ್ನಾಟಕದಲ್ಲಿ 2017-18ರ ಹೊತ್ತಿಗೆ ಗುಡಿಸುವವರಿಗೆ ಗುತ್ತಿಗೆ ಬಿಟ್ಟು ನೇರ ಪಾವತಿ ಬಂತು. ಯಾರು ನಿಜವಾಗಿ ಕೆಲಸದಲ್ಲಿದ್ದರು ಅನ್ನುವ ಪ್ರಶ್ನೆ ಎದ್ದಾಗ ನಮ್ಮ ಹತ್ತಿರ ಉತ್ತರ ಇತ್ತು. 2022ರ ಜುಲೈನಲ್ಲಿ ಖಾಯಂ ಮಾಡಿ ಅಂತ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಕೆಲವೇ ದಿನಕ್ಕೆ ಸರ್ಕಾರ ಒಪ್ಪಿತು. 2025ರ ಮೇ ದಿನದಂದು ಬೆಂಗಳೂರಿನಲ್ಲಿ 12,692 ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು. ಬೀದಿಗಿಳಿಯದೆ ಇದು ಆಗುತ್ತಿರಲಿಲ್ಲ. ಆದರೆ ಸೇವೆಗೆ ದಾಖಲೆ ಇಲ್ಲದವರು ಇಂಥ ಹೊತ್ತಿನಲ್ಲೇ ಪಟ್ಟಿಯಿಂದ ಹೊರಗೆ ಉಳಿಯುವುದು.

ಕಸದ ಆಟೋ ಓಡಿಸುವವರು, ಲೋಡರ್‌ಗಳು, ಹೆಲ್ಪರ್‌ಗಳಲ್ಲಿ ಎಷ್ಟೋ ಜನ ಇನ್ನೂ ಗುತ್ತಿಗೆಯಲ್ಲೇ ಇದ್ದಾರೆ. ಈಗ ಅವರ ಜೊತೆ ಅದೇ ಕೆಲಸ ಶುರು ಮಾಡಿದ್ದೇವೆ. ಮೊದಲು ಯುಎಎನ್ ಕೇಳುತ್ತೇವೆ, ಪಾಸ್‌ಬುಕ್ ತೆಗೆಸುತ್ತೇವೆ, ಪ್ರತಿ ತಿಂಗಳ ಹಾಜರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಲು ಹೇಳುತ್ತೇವೆ. ಸದಸ್ಯತ್ವದ ರಸೀದಿ ಆಮೇಲೆ ಹರಿಯುತ್ತೇವೆ.