ಪರಿಹಾರದ ರಸೀದಿಗೆ ಸಹಿ ಹಾಕುವಾಗ ಸೇರಿಸಿದ ಸಾಲು

ಕಾಲುವೆಗೆ ಹೋದ ನಮ್ಮ ಜಮೀನಿಗೆ ಕಟ್ಟಿದ ದರ ತೀರಾ ಕಡಿಮೆ. ಹಾಗಂತ ಬಂದ ದುಡ್ಡು ಬಿಡೋಕಾಗುತ್ತಾ? 2013ರ ಭೂಸ್ವಾಧೀನ ಕಾಯ್ದೆಯ 77ನೇ ಕಲಂ ಪ್ರಕಾರ, ತಕರಾರಿಲ್ಲದೆ ಹಣ ಪಡೆದವರು ಮುಂದೆ ಹೆಚ್ಚಿನ ಪರಿಹಾರ ಕೋರಿ 64ನೇ ಕಲಂ ಅಡಿ ಅರ್ಜಿ ಹಾಕುವಂತಿಲ್ಲ. ಹಾಗಾಗಿ ಸಹಿಯ ಮೇಲೆಯೇ, ಅದೇ ಪೆನ್ನಿನಲ್ಲಿ ಬರೆದೆ: ‘ಮೊತ್ತ ಸಾಲದೆಂಬ ಆಕ್ಷೇಪಣೆಯೊಂದಿಗೆ, ಹೆಚ್ಚಿನ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡು ಸ್ವೀಕರಿಸಿದ್ದೇನೆ.’

‘ಇದೆಲ್ಲ ಯಾಕೆ ಸಾರ್, ಬರೀ ಸಹಿ ಸಾಕು’ ಅಂದರು ಗುಮಾಸ್ತರು. ನಗುತ್ತಲೇ ಝೆರಾಕ್ಸ್ ಪ್ರತಿಗೆ ಸೀಲು ಹಾಕಿಸಿಕೊಂಡೆ.

ಬರೀ ಆ ಸಾಲು ಸಾಲದು. ಐತೀರ್ಪಿನ (ಪರಿಹಾರದ ಮೊತ್ತ ನಿಗದಿಪಡಿಸುವ ಆದೇಶದ) ದಿನ ಹಾಜರಿದ್ದವರಿಗೆ ಆ 64ನೇ ಕಲಂ ಅರ್ಜಿ ಕೊಡಲು 6 ವಾರವಷ್ಟೇ ಗಡುವು. ಅಷ್ಟರೊಳಗೆ ಕೊಟ್ಟು ಸ್ವೀಕೃತಿ ಪಡೆದೆ. ಪ್ರಕರಣ ಇಂಥ ತಕರಾರು ತೀರ್ಮಾನಿಸುವ ಪ್ರಾಧಿಕಾರಕ್ಕೆ ಹೋಯಿತು. ದರಕ್ಕೆ ಮೊದಲೇ ಒಪ್ಪಿ ಕರಾರು ಮಾಡಿಕೊಂಡವರಿಗೆ ಮಾತ್ರ ಈ ಉಪಾಯ ನಡೆಯೋದು ಕಷ್ಟ.