ಕಾಫಿ ಗಿಡದ ಊಟ ತರಗಿನಡಿಯಲ್ಲೇ ಇದೆ

ಮಳೆ ಬಿಟ್ಟ ಮೇಲೆ ರೊಬಸ್ಟಾ ಕಾಫಿ ಗಿಡದ ಬುಡದಿಂದ ಒಂದೆರಡು ಅಡಿ ದೂರದಲ್ಲಿ ತರಗನ್ನು ಕೈಯಲ್ಲೇ ಸರಿಸಿ ನೋಡಿ. ಮೇಲಿನ ಎಲೆ ಒಣಗಿ ಗರಿಗರಿ ಇರುತ್ತದೆ. ಅದರ ಕೆಳಗಿನದು ಒದ್ದೆ, ಕಪ್ಪು, ಹಿಚುಕಿದರೆ ಪುಡಿ. ಇನ್ನೂ ಕೆಳಗೆ ಬಿಳಿ ನೂಲಿನಂಥ ಶಿಲೀಂಧ್ರ ಎಲೆಯಿಂದ ಎಲೆಗೆ ಹಬ್ಬಿರುತ್ತದೆ. ಅದರ ನಡುವೆಯೇ ಕಾಫಿಯ ಸಣ್ಣ ಬೇರುಗಳು ಮಣ್ಣಿನಿಂದ ಮೇಲಕ್ಕೆ ಬಂದು ಕೊಳೆತ ಎಲೆಗೆ ಅಂಟಿಕೊಂಡಿರುತ್ತವೆ. ಕೊಡಗಿನ ಸುಂಟಿಕೊಪ್ಪದ ಹತ್ತಿರದ ನಮ್ಮ ತೋಟದಲ್ಲಿ ಗೊಬ್ಬರದ ಲೆಕ್ಕವನ್ನು ನಾನು ಶುರು ಮಾಡುವುದೇ ಇಲ್ಲಿಂದ.

ಊಟ ಎಳೆಯುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದಡಿಯೊಳಗೇ ಇರುತ್ತವೆ. ನೀರಿನಲ್ಲಿ ಕರಗಿದ್ದನ್ನು ಮಾತ್ರ ಅವು ಹೀರುತ್ತವೆ. ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಸುಲಭವಾಗಿ ಬೇರಿಗೆ ಬರುತ್ತದೆ. ಜೂನ್, ಜುಲೈ ಮಳೆಯಲ್ಲಿ ಅಷ್ಟೇ ಸುಲಭವಾಗಿ ಬೇರು ದಾಟಿ ಕೆಳಗೂ ಇಳಿದುಹೋಗುತ್ತದೆ. ರಂಜಕದ ಕಥೆ ಬೇರೆ. ನಮ್ಮ ಕೆಂಪು ಹುಳಿ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಂಡು ಬಿಡುವುದಿಲ್ಲ. ಹಾಕಿದ ಜಾಗದಿಂದ ಅದು ಅಲ್ಲಾಡುವುದೇ ಕಷ್ಟ, ಬೇರು ತಾನೇ ಹುಡುಕಿಕೊಂಡು ಹೋಗಬೇಕು. ಬೇರು ತಲುಪದ ಕಡೆಗೆ ಮೈಕೊರೈಜಾ ಎಂಬ ಶಿಲೀಂಧ್ರ ಹೋಗಿ ತಂದುಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ತರಗಿನಲ್ಲಿ ಕಾಣುವ ಬಿಳಿ ಎಳೆ ಅದಲ್ಲ, ಅದು ಎಲೆ ಕೊಳೆಸುವ ಜಾತಿ. ಮೈಕೊರೈಜಾದ ಎಳೆ ಬರಿಗಣ್ಣಿಗೆ ಕಾಣದಷ್ಟು ಸಣ್ಣದು.

ಇದು ಅರ್ಥವಾದ ಮೇಲೆ ನಮ್ಮಲ್ಲಿ ಬುಡ ಗುಡಿಸುವುದು ಬಿಟ್ಟೆವು. ಇಳಿಜಾರಿನಲ್ಲಿ ಅಗತವೂ ಇಲ್ಲ, ಕಳೆಯನ್ನು ಕತ್ತರಿಸಿ ಅಲ್ಲೇ ಬಿಡುತ್ತೇವೆ. ಸಾಲುಗಳ ನಡುವಿನ ತೊಟ್ಟಿಲು ಗುಂಡಿಗಳು ನೀರಿನ ಜೊತೆ ಜಾರಿ ಬರುವ ತರಗನ್ನು ಹಿಡಿಯುತ್ತವೆ. ವರ್ಷಕ್ಕೊಮ್ಮೆ ಆ ಕಪ್ಪು ಮಣ್ಣನ್ನು ತೆಗೆದು ಗಿಡಕ್ಕೇ ಕೊಡುತ್ತೇವೆ.

ನೆರಳಿನ ಮರಗಳ ಕೆಲಸ ನೆರಳಿಗಷ್ಟೇ ಮುಗಿಯುವುದಿಲ್ಲ. ಕಾಫಿ ಬೇರಿನಿಂದ ತಪ್ಪಿಸಿಕೊಂಡು ಕೆಳಗಿಳಿದದ್ದರಲ್ಲಿ ಒಂದಷ್ಟನ್ನು ಮರದ ಆಳದ ಬೇರು ಹಿಡಿದು, ಎಲೆ ಮಾಡಿ ಮತ್ತೆ ಮೇಲಿಂದ ಉದುರಿಸುತ್ತದೆ. ಹಾಲವಾಣ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿಯುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಮರ ಎಲೆ ಉದುರಿಸುವ ಮೊದಲು ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು ಒಂದಷ್ಟು ವಾಪಸ್ ಎಳೆದುಕೊಳ್ಳುತ್ತದೆ. ಹಾಗಾಗಿ ಉದುರಿದ ಎಲೆಗಿಂತ ಮರ ಕಪಾತಿನಲ್ಲಿ, ಅಂದರೆ ಕೊಂಬೆ ಕತ್ತರಿಸುವಾಗ, ಬಿದ್ದ ಹಸಿ ಸೊಪ್ಪಿನಲ್ಲಿ ಸತ್ವ ಜಾಸ್ತಿ. ಸಿಲ್ವರ್ ಓಕ್ ಎಲೆ ಗಡುಸು, ಕೊಳೆಯಲು ನಿಧಾನ. ಬರೀ ಅದೇ ಮರ ತುಂಬಿಸಿದ ತೋಟ ನನಗೆ ಇಷ್ಟವಿಲ್ಲ.

ನಮ್ಮ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕೊಡಗಿನಲ್ಲಿ ಗದ್ದೆಗೆ ಸೇರಿದಂತೆ ಬಾಣೆ ಎಂಬ ಮರಗಾಡಿನ ಜಾಗ ಕೊಟ್ಟಿದ್ದೇ ಸೊಪ್ಪು, ಸೌದೆ, ಮೇವಿಗಾಗಿ. ಬಾಣೆಯ ಸೊಪ್ಪು ಕೊಟ್ಟಿಗೆಗೆ ಬಂದು, ಸಗಣಿಯ ಜೊತೆ ಗೊಬ್ಬರವಾಗಿ ಗದ್ದೆಗೆ ಇಳಿಯುತ್ತಿತ್ತು. ಈಗ ಬಾಣೆಯೆಲ್ಲ ಕಾಫಿ. ಅಲ್ಲಿಂದ ಸತ್ವ ಹೊರಗೆ ಹೋಗುವುದು ಕಾಫಿ ಮೂಟೆಯಲ್ಲಿ.

ಮೂಟೆಯ ವಿಷಯಕ್ಕೆ ಬರೋಣ. 50 ಕಿಲೋ ಒಣ ರೊಬಸ್ಟಾ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣನ್ನು, ಹಲ್ಲಿಂಗ್ ಮಾಡಿಸಿ ಸಿಪ್ಪೆ ಬಿಡಿಸಿದರೆ ಸಾಮಾನ್ಯವಾಗಿ 26ರಿಂದ 28 ಕಿಲೋ ಕಾಫಿ ಬೇಳೆ ಸಿಗುತ್ತದೆ. ಉಳಿದದ್ದು ಹೊಟ್ಟು. ಕಾಯಿಗೆ ಹೋದ ಪೊಟ್ಯಾಷ್‌ನ ದೊಡ್ಡ ಪಾಲು ಆ ಹೊಟ್ಟಿನಲ್ಲೇ ಇರುತ್ತದೆ. ಚೆರ್ರಿಯಾಗಿ ಮಾರಿದರೆ ಅದೂ ಹೋಯಿತು, ಅಲ್ವಾ? ನಾನು ಹಲ್ಲಿಂಗ್ ಮಾಡಿಸಿ ಹೊಟ್ಟನ್ನು ವಾಪಸ್ ತರುತ್ತೇನೆ. ಕೊಳೆಸದೆ ಹಾಗೇ ಬುಡಕ್ಕೆ ಸುರಿಯುವುದಿಲ್ಲ. ಅದರಲ್ಲಿ ಇಂಗಾಲ ಜಾಸ್ತಿ, ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೂ ಸೇರಿಸಿ ತಿನ್ನುತ್ತವೆ. ಸಗಣಿ, ಹಾಲವಾಣದ ಸೊಪ್ಪು ಪದರ ಪದರವಾಗಿ ಹಾಕಿ, ನಡುನಡುವೆ ಮಗುಚಿ, ಹೊಟ್ಟಿನ ಗುರುತು ಸಿಗದಷ್ಟು ಕಪ್ಪಾದ ಮೇಲೆ ಗಿಡಕ್ಕೆ.

ಇಷ್ಟೆಲ್ಲ ಮಾಡಿದರೂ ಬೇಳೆಯಲ್ಲಿ ಹೋದದ್ದು ಹೋಗಿಯೇ ಹೋಯಿತು. ಅದಕ್ಕೆ ಚೀಲದ ಗೊಬ್ಬರವೂ ಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಮುಂಗಾರಿಗೆ ಮೊದಲು, ಮತ್ತೆ ಮಳೆ ತಗ್ಗಿದಾಗ ಸ್ವಲ್ಪ ಸ್ವಲ್ಪ ಹಾಕುತ್ತೇನೆ. ಆದರೆ ಮಣ್ಣು ಪರೀಕ್ಷೆ ಮೊದಲು. ತರಗು ಸರಿಸಿ, ಒಂಬತ್ತು ಇಂಚು ಆಳದವರೆಗೆ ಹಲವು ಕಡೆ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಕೊಡುತ್ತೇನೆ. ಮಳೆ ನಮ್ಮ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಹುಳಿ ಮಾಡುತ್ತದೆ. ಕಾಫಿಗೆ ಪಿಎಚ್ 6ರಿಂದ 6.5 ಇದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಸುಣ್ಣ, ಮೆಗ್ನೀಸಿಯಂ ಕೂಡ ಕಡಿಮೆ ಇದ್ದರೆ ಡೋಲೊಮೈಟ್. ಸುಣ್ಣ ಹಾಕಿದ ಬೆನ್ನಿಗೇ ಯೂರಿಯಾ ಬೇಡ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಾನು ಒಂದು ತಿಂಗಳಾದರೂ ಬಿಡುತ್ತೇನೆ.

ಎಲೆ ಹಳದಿಯಾಯಿತು ಅಂತ ಸುಮ್ನೆ ಯೂರಿಯಾ ಸುರಿಯುವವರಿದ್ದಾರೆ. ಯಾವ ಎಲೆ ಹಳದಿ ಅಂತ ಮೊದಲು ನೋಡಬೇಕು. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಎಳೆದು ಹೊಸದಕ್ಕೆ ಕೊಡುತ್ತದೆ, ಹಾಗಾಗಿ ಹಳೇ ಎಲೆ ಮೊದಲು ಬಣ್ಣಗೆಡುತ್ತದೆ. ನರ ಹಸಿರಾಗೇ ಉಳಿದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಮೇಲೆ ಅನುಮಾನ ಪಡಿ. ಕಬ್ಬಿಣ, ಸತು ಹಾಗೆ ಸುಲಭವಾಗಿ ಓಡಾಡುವುದಿಲ್ಲ. ಅವುಗಳ ಕೊರತೆ ಚಿಗುರಿನಲ್ಲಿ ಕಾಣುತ್ತದೆ. ಸತು ಕಡಿಮೆಯಾದರೆ ಹೊಸ ಎಲೆ ಕಿರಿದಾಗಿ, ಗೆಣ್ಣುಗಳು ಒತ್ತಾಗಿ ಬರುತ್ತವೆ. ಅಂಥ ಗಿಡಗಳಿಗೆ ನಾನು ಸತುವಿನ ಸಲ್ಫೇಟನ್ನು ಎಲೆಗೇ ಸಿಂಪಡಿಸುತ್ತೇನೆ.